ಅಟ್ಟದಿಂದ ಇಳಿದ ಟೂ-ಇನ್-ಒನ್: ಎಂಟು ವಾರಗಳ ರಿಪೇರಿ ದಿನಚರಿ

ಬೆಲ್ಟ್ ಬದಲಿಸಿದರೆ ಹಾಡುತ್ತದೆ, ಒಂದು ಭಾನುವಾರದ ಕೆಲಸ ಎಂದುಕೊಂಡು ಕೈ ಹಾಕಿದೆ. ಎಂಟು ವಾರ ಹಿಡಿಯಿತು. ಅದರಲ್ಲಿ ಯಂತ್ರದ ವಯಸ್ಸಿಗೆ ಹೋದದ್ದು ಮೂರು ವಾರ ಇರಬಹುದು. ಉಳಿದದ್ದೆಲ್ಲ ನನ್ನ ಅವಸರಕ್ಕೆ ಸಂದಿತು.

ಯಂತ್ರ ಜಪಾನಿನದು. 1984ರಲ್ಲಿ ಚಿಕ್ಕಪ್ಪ ಸೌದಿಯ ದಮ್ಮಾಮಿನಿಂದ ರಜೆಗೆ ಬರುವಾಗ ತಂದದ್ದು. ಬೊಂಬಾಯಿಯವರೆಗೆ ವಿಮಾನ, ಅಲ್ಲಿಂದ ಕುಂದಾಪುರಕ್ಕೆ ಬಸ್ಸು, ಬಸ್ಸಿನಲ್ಲಿ ಇಡೀ ರಾತ್ರಿ ಅದು ಅವನ ತೊಡೆಯ ಮೇಲೆ. ಉದ್ದ 52 ಸೆಂಟಿಮೀಟರ್, ತೂಕ ಬ್ಯಾಟರಿ ಬಿಟ್ಟು 5.4 ಕಿಲೋ, ಎರಡು ಸ್ಪೀಕರ್, ನಡುವೆ ಒಂದು ಕ್ಯಾಸೆಟ್ ಬಾಗಿಲು, ನಾಲ್ಕು ಬ್ಯಾಂಡಿನ ರೇಡಿಯೋ. ಈಗಿನ ಹುಡುಗರು ಬೂಮ್‌ಬಾಕ್ಸ್ ಎನ್ನುತ್ತಾರೆ. ನಮ್ಮ ಕರಾವಳಿಯಲ್ಲಿ ಅದು ಟೂ-ಇನ್-ಒನ್, ಅಜ್ಜನ ಬಾಯಲ್ಲಿ ಬರಿಯ ‘ಟೇಪು’. ಕಂಪೆನಿಯ ಹೆಸರು ಬರೆಯುವುದಿಲ್ಲ. ನಲವತ್ತು ವರ್ಷ ಬದುಕಿದ ಯಂತ್ರದ ಮೊಣಕಾಲು ನೋವನ್ನು ಹೆತ್ತವರ ತಲೆಗೆ ಕಟ್ಟುವುದು ನ್ಯಾಯವಲ್ಲ.

2024 ಮೇ 26, ಭಾನುವಾರ

ಊರಿನ ಮನೆಯ ಅಟ್ಟದಿಂದ ಇಳಿಸಿ ಬೆಂಗಳೂರಿಗೆ ತಂದೆ. ಮೇಲಿನ ಧೂಳಿನಲ್ಲಿ ಇಲಿಯ ಹೆಜ್ಜೆಗಳಿದ್ದವು. ಕ್ಯಾಸೆಟ್ ಬಾಗಿಲು ತೆರೆಯಲಿಲ್ಲ. ಪ್ಲೇ ಗುಂಡಿ ಒತ್ತಿದ ಸ್ಥಿತಿಯಲ್ಲೇ ಇತ್ತು. ಬಾಗಿಲಿನ ಕಿಟಕಿಯಲ್ಲಿ ಒಂದು ಕ್ಯಾಸೆಟ್ ಕಾಣುತ್ತಿತ್ತು, ಅದರ ಚೀಟಿಯ ಮೇಲೆ ಅಜ್ಜನ ಕೈಬರಹ: ‘ಚಾವಡಿ ಕೂಟ, ಆಷಾಢ, 1987’. ನಮ್ಮ ಮನೆಯ ಚಾವಡಿಯಲ್ಲಿ ಮಳೆಗಾಲದಲ್ಲಿ ನಡೆಯುತ್ತಿದ್ದ ತಾಳಮದ್ದಳೆ, ಅಂದರೆ ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ. ಹಾಗಾಗಿ ಮಾರುವುದೋ ಗುಜರಿಗೆ ಹಾಕುವುದೋ ಎಂಬ ಪ್ರಶ್ನೆ ಅಲ್ಲಿಗೇ ಮುಗಿಯಿತು.

ಬಂದ ದಿನವೇ ತಂತಿ ಸಿಕ್ಕಿಸಿ ನೋಡುವ ಆಸೆ. ಪ್ಲಗ್ ಕೈಯಲ್ಲಿ ಹಿಡಿದುಕೊಂಡೇ ಹಿಂಬದಿಯನ್ನು ಒರೆಸಿದೆ. ಅಲ್ಲಿ ನಾಣ್ಯದಿಂದ ತಿರುಗಿಸುವ ವೋಲ್ಟೇಜ್ ಗುಂಡಿಯೊಂದಿದೆ: 110, 127, 220, 240. ಬಾಣದ ಗುರುತು 127ರ ಮೇಲಿತ್ತು. ಆ ಕಾಲದ ಸೌದಿಯ ಮನೆಗಳಲ್ಲಿ 127 ವೋಲ್ಟ್ ಬಳಕೆಯಲ್ಲಿತ್ತು. ಆದರೆ ಊರಿನಲ್ಲಿ ವರ್ಷಗಟ್ಟಲೆ 220ರಲ್ಲಿ ಹಾಡಿದ ಯಂತ್ರ ಇದು. ನಡುವೆ ಯಾರೋ ಮಗು ನಾಣ್ಯ ಹಾಕಿ ಆಡಿರಬೇಕು. ಹಾಗೆಯೇ ಸಿಕ್ಕಿಸಿದ್ದರೆ ಟ್ರಾನ್ಸ್‌ಫಾರ್ಮರ್ ಸುಟ್ಟು ಈ ದಿನಚರಿ ಇಲ್ಲಿಗೇ ನಿಲ್ಲುತ್ತಿತ್ತು. 240ಕ್ಕೆ ತಿರುಗಿಸಿ, ಪ್ಲಗ್ಗನ್ನು ಡ್ರಾಯರಿನಲ್ಲಿ ಹಾಕಿ ಬೀಗ ಹಾಕಿದೆ.

ಜೂನ್ 2: ಬಿಚ್ಚುವುದು

ಬೇಕಾದ ಸಲಕರಣೆ: ಉದ್ದ ಕಾಂಡದ ಸ್ಟಾರ್ ಸ್ಕ್ರೂಡ್ರೈವರ್, ಚಿಮುಟ, ಮಲ್ಟಿಮೀಟರ್, 25 ವ್ಯಾಟಿನ ಬೆಸುಗೆ ಕಡ್ಡಿ, ಸೀಸ ಹೀರುವ ಪಂಪ್, ವರ್ನಿಯರ್ ಮಾಪಕ, ಮತ್ತು ಒಂದು ಇಡ್ಲಿ ತಟ್ಟೆ. ಕೊನೆಯದು ತಮಾಷೆಗೆ ಹೇಳಿದ್ದಲ್ಲ. ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲಿ ಗುಳಿಗೊಂದರಂತೆ ಹಾಕಿಡಲು ಅದಕ್ಕಿಂತ ಒಳ್ಳೆಯ ಪಾತ್ರೆ ಇಲ್ಲ. ಮನೆಯಲ್ಲಿ ಆ ಭಾನುವಾರ ಇಡ್ಲಿ ಆಗಲಿಲ್ಲ. ಮುಂದಿನ ಏಳು ಭಾನುವಾರವೂ ಆಗಲಿಲ್ಲ.

ಹಿಂಬದಿಯಲ್ಲಿ ಏಳು ಸ್ಕ್ರೂ. ಏಳನ್ನೂ ಬಿಚ್ಚಿದರೂ ಬೆನ್ನು ಬರಲಿಲ್ಲ. ಬಲವಾಗಿ ಎಳೆದೆ, ‘ಟಕ್’ ಎಂದಿತು. ಎಂಟನೆಯ ಸ್ಕ್ರೂ ಬ್ಯಾಟರಿ ಗೂಡಿನ ಒಳಗೆ ಅಡಗಿತ್ತು, ಅದು ಕೂರುವ ಪ್ಲಾಸ್ಟಿಕ್ ಕಂಬ ಬುಡದಲ್ಲೇ ಮುರಿಯಿತು. ಎಪಾಕ್ಸಿ ಅಂಟಿನಿಂದ ಕೂರಿಸಿದೆ, ನಿಂತಿದೆ. ಬಾರದ್ದನ್ನು ಎಳೆಯುವ ಮೊದಲು ಕಾಣದ ಸ್ಕ್ರೂ ಹುಡುಕಬೇಕು ಎಂದು ಬಲ್ಲವರೆಲ್ಲ ಹೇಳಿದ್ದರು. ನಾನೂ ಇತರರಿಗೆ ಹೇಳಿದ್ದೆ.

ಬೆನ್ನು ತೆಗೆದ ಮೇಲೆ ಏರಿಯಲ್ ತಂತಿ, ಎರಡು ಸ್ಪೀಕರ್ ತಂತಿ, ಬ್ಯಾಟರಿ ತಂತಿ. ಪ್ರತಿಯೊಂದಕ್ಕೂ ಕಾಗದದ ಚೀಟಿ ಕಟ್ಟಿ, ಮೊಬೈಲಿನಲ್ಲಿ 40 ಫೋಟೋ ತೆಗೆದೆ. ಅವುಗಳಲ್ಲಿ ಮುಖ್ಯವಾದ ಒಂದು ಮಸುಕಾಗಿತ್ತೆಂಬುದು ಗೊತ್ತಾದದ್ದು ಮೂರು ವಾರದ ನಂತರ.

ಕ್ಯಾಸೆಟ್ ಬಿಡಿಸಲು ಫ್ಲೈವೀಲನ್ನು, ಅಂದರೆ ಟೇಪಿನ ಓಟವನ್ನು ಸಮವಾಗಿಡುವ ಭಾರದ ಚಕ್ರವನ್ನು, ಬೆರಳಿನಿಂದ ಹಿಂದಕ್ಕೆ ತಿರುಗಿಸುತ್ತಾ, ಸ್ಟಾಪ್ ಗುಂಡಿಯ ಸನ್ನೆಯನ್ನು ಒಳಗಿನಿಂದ ತಳ್ಳಬೇಕಾಯಿತು. ಟೇಪು ಹರಿಯದೆ ಬಂತು. ಸುರುಳಿಯ ಅಂಚಿನಲ್ಲಿ ಬಿಳಿ ಬೂಷ್ಟು. ಅದನ್ನು ಕಾಗದದಲ್ಲಿ ಸುತ್ತಿ ಸಿಲಿಕಾ ಪೊಟ್ಟಣಗಳ ಜೊತೆ ಬಿಗಿ ಡಬ್ಬಿಗೆ ಹಾಕಿದೆ.

ಜೂನ್ 8 ಮತ್ತು 9: ಬ್ಯಾಟರಿ ಗೂಡು, ಕರೆಂಟು

ಗೂಡಿನಲ್ಲಿ ಎಂಟು ದಪ್ಪ ಸೆಲ್ಲುಗಳ ಜಾಗ. ಸ್ಪ್ರಿಂಗ್‌ಗಳ ಮೇಲೆ ಹಸಿರು, ಬಿಳಿ ಹುಡಿ. ವೀಡಿಯೋಗಳಲ್ಲಿ ವಿನೆಗರ್ ಹಚ್ಚುವುದನ್ನು ನೋಡಿದ್ದೆ, ಹಚ್ಚಿದೆ. ಏನೂ ಆಗಲಿಲ್ಲ. ಇನ್ನಷ್ಟು ಹಚ್ಚಿ ಅರ್ಧ ಗಂಟೆ ಬಿಟ್ಟೆ. ಎರಡು ಸ್ಪ್ರಿಂಗ್‌ಗಳ ಲೇಪ ಎದ್ದು ಕೆಳಗಿನ ಕಬ್ಬಿಣ ಕಂಡಿತು.

ಅಡ್ಡಿ ಇದ್ದದ್ದು ಇಲ್ಲಿ: ವಿನೆಗರ್ ಮದ್ದು ಅಲ್ಕಲೈನ್ ಸೆಲ್ಲಿನ ಸೋರಿಕೆಗೆ. ಎಂಬತ್ತರ ದಶಕದಲ್ಲಿ ನಮ್ಮ ಅಂಗಡಿಗಳಲ್ಲಿ ಸಿಗುತ್ತಿದ್ದ ದಪ್ಪ ಸೆಲ್ಲುಗಳು ಸತು-ಇಂಗಾಲದವು, ಅವು ಸೋರಿದರೆ ಬರುವ ರಸವೇ ಆಮ್ಲೀಯ. ಹುಳಿಗೆ ಹುಳಿ ಹಿಂಡಿದ್ದೆ. ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದಾಗ ಹತ್ತು ನಿಮಿಷದಲ್ಲಿ ಬಿಟ್ಟಿತು. ಎದ್ದುಹೋದ ಸ್ಪ್ರಿಂಗ್‌ಗಳಿಗೆ ತೆಳುವಾಗಿ ಸೀಸದ ಬೆಸುಗೆ ಲೇಪಿಸಿದೆ. ಅಂದವಿಲ್ಲ, ಕರೆಂಟು ಹರಿಯುತ್ತದೆ.

ಮರುದಿನ ಕರೆಂಟು ಕೊಟ್ಟದ್ದು ಸೀರೀಸ್ ಬಲ್ಬಿನ ಮೂಲಕ. ಹಳೆಯ ರೇಡಿಯೋ ರಿಪೇರಿ ಅಂಗಡಿಗಳ ಮೇಜಿನ ಮೇಲೆ ಹೋಲ್ಡರಿನಲ್ಲಿ ನೇತಾಡುತ್ತಿದ್ದ 60 ವ್ಯಾಟಿನ ಬಲ್ಬು ಅದೇ. ಯಂತ್ರದಲ್ಲಿ ಶಾರ್ಟ್ ಇದ್ದರೆ ಬಲ್ಬು ಉರಿಯುತ್ತದೆ, ಯಂತ್ರ ಸುಡುವುದಿಲ್ಲ. ಬಲ್ಬು ಒಮ್ಮೆ ಮಿನುಗಿ ಆರಿತು. ಒಳ್ಳೆಯ ಲಕ್ಷಣ. ಎಸಿ ಕರೆಂಟನ್ನು ಡಿಸಿ ಮಾಡುವ ಡಯೋಡುಗಳ ನಂತರ ಅಳೆದರೆ 16.8 ವೋಲ್ಟ್. ರೇಡಿಯೋಗೆ ತಿರುಗಿಸಿದೆ: ಬಲ ಸ್ಪೀಕರಿನಲ್ಲಿ ಗರಗರ, ಎಡ ಸ್ಪೀಕರ್ ಮೌನ. ಕ್ಯಾಸೆಟ್ ಕಡೆ ಮೋಟಾರು ತಿರುಗುವ ಸದ್ದು ಮಾತ್ರ.

ಜೂನ್ 16: ಬೆಲ್ಟು ಎಂಬ ಮೇಣ

ಕ್ಯಾಸೆಟ್ ಯಂತ್ರಾಂಗವನ್ನು ನಾಲ್ಕು ಸ್ಕ್ರೂ ಬಿಚ್ಚಿ ಹೊರತೆಗೆದೆ. ಮುಖ್ಯ ಬೆಲ್ಟು ಇರಬೇಕಾದಲ್ಲಿ ಬೆಲ್ಟು ಇರಲಿಲ್ಲ. ಅದು ಕರಗಿ ಕಪ್ಪು ಅಂಟಾಗಿ ಫ್ಲೈವೀಲಿನ ಸುತ್ತ, ಮೋಟಾರಿನ ಪುಲ್ಲಿಯ ತೋಡಿನಲ್ಲಿ, ತಗಡಿನ ಮೇಲೆ ಹರಡಿತ್ತು. ಬೆರಳಿಗೆ ತಾಗಿದರೆ ಬೆರಳಿನಿಂದ ಬೆರಳಿಗೆ ಎಳೆ ಎಳೆಯಾಗಿ ಬರುತ್ತದೆ. ಥೇಟ್ ಹಲಸಿನ ಮೇಣ.

ಹಲಸಿನ ಮೇಣ ಎಂದುಕೊಂಡದ್ದೇ ತಪ್ಪಾಯಿತು. ಕರಾವಳಿಯವನ ಕೈ ತಾನಾಗಿ ತೆಂಗಿನೆಣ್ಣೆಯ ಕಡೆ ಹೋಯಿತು. ಎಣ್ಣೆ ಹಚ್ಚಿದಾಗ ಅಂಟು ಸಡಿಲವಾಯಿತು, ಬಟ್ಟೆಗೆ ಬಂತು, ಬೀಗಿದೆ. ಆದರೆ ಹಿತ್ತಾಳೆಯ ಪುಲ್ಲಿಯ ತೋಡಿನಲ್ಲಿ ಎಣ್ಣೆಯ ಪದರ ಉಳಿಯಿತು. ಬೆಲ್ಟು ಜಾರದೆ ಹಿಡಿಯಬೇಕಾದ ಜಾಗಕ್ಕೇ ಎಣ್ಣೆ ಬಳಿದಿದ್ದೆ. ಅದನ್ನು ಬಿಡಿಸಲು 99 ಶೇಕಡಾದ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಎರಡು ಸುತ್ತು, ಸುಮಾರು 60 ಹತ್ತಿಕಡ್ಡಿ, ಒಂದು ಸಂಜೆ. ಮೊದಲೇ ಆಲ್ಕೋಹಾಲ್ ಬಳಸಿದ್ದರೆ ಅರ್ಧ ಗಂಟೆಯ ಕೆಲಸ.

ಬೆಲ್ಟಿನ ಅಳತೆ: ನೂಲನ್ನು ಮೋಟಾರ್ ಪುಲ್ಲಿ ಮತ್ತು ಫ್ಲೈವೀಲಿನ ಸುತ್ತ ಬಿಗಿಯಾಗಿ ಹಾಯಿಸಿ ಅಳೆದಾಗ 255 ಮಿಲಿಮೀಟರ್. ಬಿಗಿತಕ್ಕೆಂದು ಶೇಕಡಾ 6 ಕಳೆದರೆ 240. ವೃತ್ತವಾಗಿ ಇಟ್ಟರೆ ವ್ಯಾಸ 76. ಚಪ್ಪಟೆ ಬೆಲ್ಟು, ಅಗಲ 5. ಆನ್‌ಲೈನಿನಲ್ಲಿ ‘76’ ಎಂದು ಬರೆದದ್ದನ್ನು ಹುಡುಕಿ 180 ರೂಪಾಯಿ ಕೊಟ್ಟು ತರಿಸಿದೆ. ಒಂದು ವಾರದ ಮೇಲೆ ಬಂದದ್ದು ಮಗುವಿನ ಬಳೆಯಷ್ಟು. ಮಾರಿದವನ 76 ವ್ಯಾಸವಲ್ಲ, ಬೆಲ್ಟನ್ನು ಎರಡಾಗಿ ಮಡಿಸಿ ಚಪ್ಪಟೆ ಮಾಡಿದಾಗಿನ ಉದ್ದ. ಅಂದರೆ ಸುತ್ತಳತೆ 152. ನನಗೆ ಬೇಕಿದ್ದದ್ದು ಆ ಲೆಕ್ಕದಲ್ಲಿ 120. ಕೆಲವರು ವ್ಯಾಸ ಬರೆಯುತ್ತಾರೆ, ಕೆಲವರು ಮಡಿಕೆ, ಕೆಲವರು ಸುತ್ತಳತೆ. ಯಾವುದೆಂದು ಬರೆಯುವವರು ಕಡಿಮೆ. ಕೇಳದೆ ತರಿಸಬೇಡಿ.

ಜೂನ್ 22, 23: ಎಡ ಸ್ಪೀಕರಿನ ಮೌನ

ಈ ಎರಡು ದಿನಗಳನ್ನು ಬರೆಯಲು ಮನಸ್ಸಿಲ್ಲ, ಆದರೆ ಬರೆಯದಿದ್ದರೆ ದಿನಚರಿ ಸುಳ್ಳಾಗುತ್ತದೆ.

ಬೆಲ್ಟು ಬರುವ ತನಕ ಎಡ ಸ್ಪೀಕರನ್ನು ನೋಡೋಣ ಎಂದುಕೊಂಡೆ. ಸ್ಪೀಕರ್ ಸುರುಳಿ ಅಳೆದೆ, ಸರಿಯಿದೆ. ಹಳೆಯ ಯಂತ್ರ, ಎಡ ಕಡೆ ಸದ್ದಿಲ್ಲ: ಕರೆಂಟನ್ನು ಹಿಡಿದಿಟ್ಟು ಬಿಡುವ ಕೆಪಾಸಿಟರ್ ಹೋಗಿದೆ ಎಂದು ನಾನೇ ತೀರ್ಪು ಕೊಟ್ಟೆ. ಪರೀಕ್ಷೆ ಇಲ್ಲ, ಸಾಕ್ಷಿ ಇಲ್ಲ. ಶನಿವಾರ ಬೆಳಿಗ್ಗೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರಸ್ತೆಗೆ ಹೋಗಿ 23 ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ತಂದೆ: 10 ಮೈಕ್ರೋಫ್ಯಾರಡಿನಿಂದ 2200ರವರೆಗೆ, 260 ರೂಪಾಯಿ. ಅಂಗಡಿಯ ಹಿರಿಯರು ನನ್ನ ಪಟ್ಟಿ ನೋಡಿ, “ಯಾವುದು ಹೋಗಿದೆ?” ಎಂದು ಕೇಳಿದರು. “ಗೊತ್ತಿಲ್ಲ, ಎಲ್ಲವನ್ನೂ ಬದಲಿಸುತ್ತೇನೆ” ಎಂದೆ. ಅವರು ಏನೂ ಹೇಳದೆ ಪೊಟ್ಟಣ ಕಟ್ಟಿದರು. ಆ ಮೌನ ಈಗ ಅರ್ಥವಾಗುತ್ತದೆ.

ಶನಿವಾರ ರಾತ್ರಿಯವರೆಗೆ 23ನ್ನೂ ಬದಲಿಸಿದೆ. ಎರಡು ಕಡೆ ಬೋರ್ಡಿನ ತಾಮ್ರದ ಗೆರೆ ಕಿತ್ತು ಬಂತು, ತಂತಿಯ ತುಂಡು ಹಾಕಿ ಜೋಡಿಸಿದೆ. ಕರೆಂಟು ಕೊಟ್ಟಾಗ ಸೀರೀಸ್ ಬಲ್ಬು ಆರಲಿಲ್ಲ, ಕೆಂಪಗೆ ಮಂದವಾಗಿ ಉರಿಯುತ್ತಲೇ ಇತ್ತು. ಏನು ಎಂದು ಬಗ್ಗಿ ನೋಡುವಷ್ಟರಲ್ಲಿ ‘ಸುಯ್’ ಎಂಬ ಸದ್ದು, ಕೊಳೆತ ಮೀನಿನಂಥ ವಾಸನೆ. ದೊಡ್ಡ 2200ನ್ನು ತಿರುಗುಮುರುಗಾಗಿ ಹಾಕಿದ್ದೆ. ಮಸುಕಾದ ಫೋಟೋ ಎಂದೆನಲ್ಲ, ಅದು ಇದರದೇ. ಬಲ್ಬು ಇಲ್ಲದಿದ್ದರೆ ಕೆಪಾಸಿಟರ್ ಸಿಡಿದು ಮುಖಕ್ಕೆ ಬರುತ್ತಿತ್ತು. ಹಳೆಯ ಕೆಪಾಸಿಟರನ್ನೇ ಕಸದ ಬುಟ್ಟಿಯಿಂದ ತೆಗೆದು, ಮೀಟರಿನಲ್ಲಿ ಅಳೆದು ನೋಡಿದೆ: 2140. ನಲವತ್ತು ವರ್ಷದ ಮುದುಕ ಗಟ್ಟಿಯಾಗಿಯೇ ಇದ್ದ. ಅವನನ್ನೇ ಮತ್ತೆ ಕೂರಿಸಿದೆ.

ಭಾನುವಾರ: ಬಲ್ಬು ಆರಿತು, ರೇಡಿಯೋ ಹಾಡಿತು, ಬಲಗಡೆ ಮಾತ್ರ. ಎಡ ಸ್ಪೀಕರ್ ಮೊದಲಿನಂತೆಯೇ ಮೌನ.

ಸಿಟ್ಟಿನಿಂದ ರೆಕಾರ್ಡ್ ಗುಂಡಿಯನ್ನು ಒತ್ತಿ ಬಿಟ್ಟೆ. ಎಡ ಸ್ಪೀಕರ್ ಒಂದು ಕ್ಷಣ ಕೆಮ್ಮಿತು.

ಬೋರ್ಡಿನ ಅಂಚಿನಲ್ಲಿ ಬೆರಳುದ್ದದ ಒಂದು ಜಾರು ಸ್ವಿಚ್ಚಿದೆ. ರೆಕಾರ್ಡ್ ಒತ್ತಿದಾಗ ಒಂದು ಕಡೆ, ಬಿಟ್ಟಾಗ ಇನ್ನೊಂದು ಕಡೆ ಜಾರಿ ಇಡೀ ಧ್ವನಿಮಾರ್ಗವನ್ನು ಬದಲಿಸುವ ಸ್ವಿಚ್ಚು, ಎರಡು ಸಾಲಿನಲ್ಲಿ ಹತ್ತಾರು ಕಾಲುಗಳು. ವರ್ಷಗಟ್ಟಲೆ ಅಲುಗದಿದ್ದರೆ ಒಳಗಿನ ಸಂಪರ್ಕಗಳು ಕಪ್ಪಾಗುತ್ತವೆ. ಅದರ ತುದಿಯ ಸೀಳಿನಿಂದ ಕಾಂಟ್ಯಾಕ್ಟ್ ಕ್ಲೀನರ್ ಎರಡು ಸಲ ಚಿಮುಕಿಸಿ, ಗುಂಡಿಯನ್ನು ಐವತ್ತು ಸಲ ಒತ್ತಿ ಬಿಟ್ಟೆ. ಎಡ ಸ್ಪೀಕರ್ ಬಂತು, ಬಲದಷ್ಟೇ ಗಟ್ಟಿಯಾಗಿ. ವಾಲ್ಯೂಮ್ ಗುಂಡಿಗೂ ಅದೇ ಉಪಚಾರ ಮಾಡಿದ ಮೇಲೆ ಗರಗರ ಹೋಯಿತು. ಒಟ್ಟು ಕೆಲಸ ಹತ್ತು ನಿಮಿಷ. ಬದಲಿಸಿದ ಉಳಿದ 22 ಕೆಪಾಸಿಟರುಗಳನ್ನು ಆಮೇಲೆ ಕುತೂಹಲಕ್ಕೆ ಒಂದೊಂದಾಗಿ ಅಳೆದೆ. ಕೆಟ್ಟದ್ದು ಎರಡು, ಎರಡೂ ರೇಡಿಯೋ ಭಾಗದವು.

ಜೂನ್ 30: ಕುಳಿ ಬಿದ್ದ ರೋಲರ್

ಸರಿಯಾದ ಬೆಲ್ಟಿನ ಜೋಡಿ ಬಂತು, 240 ರೂಪಾಯಿ. ಮುಖ್ಯ ಬೆಲ್ಟು ಹಾಕಿದೆ, ಕೌಂಟರಿನ ಸಣ್ಣ ಚೌಕ ಬೆಲ್ಟೂ ಹಾಕಿದೆ. ಟೇಪನ್ನು ಓದುವ, ಬರೆಯುವ ಹೆಡ್ಡು, ಟೇಪನ್ನು ಓಡಿಸುವ ಉಕ್ಕಿನ ಕಡ್ಡಿ ಕ್ಯಾಪ್‌ಸ್ಟನ್, ಎರಡನ್ನೂ ಹತ್ತಿಕಡ್ಡಿಯಿಂದ ಒರೆಸಿದೆ, ಕಂದು ಹುಡಿ ಬಂತು. ಪರೀಕ್ಷೆಗೆ ಹೋದರೆ ಹೋಗಲಿ ಎಂಬಂಥ ಒಂದು ಸಿನಿಮಾ ಹಾಡಿನ ಕ್ಯಾಸೆಟ್ ಹಾಕಿ ಪ್ಲೇ ಒತ್ತಿದೆ.

ಹೋಯಿತು. ಅರ್ಧ ನಿಮಿಷ ಹಾಡಿ ಟೇಪನ್ನು ನುಂಗಿತು. ಪಿಂಚ್ ರೋಲರಿನ ಸುತ್ತ ಹದಿನೈದು ಸುತ್ತು.

ಪಿಂಚ್ ರೋಲರ್ ಎಂದರೆ ಟೇಪನ್ನು ಕ್ಯಾಪ್‌ಸ್ಟನ್ನಿಗೆ ಒತ್ತಿ ಎಳೆಯುವ ರಬ್ಬರ್ ಗಾಲಿ. ಅದು ಗಟ್ಟಿಯಾಗಿ ಗಾಜಿನಂತೆ ಹೊಳೆಯುತ್ತಿತ್ತು. 400ರ ಉಪ್ಪುಕಾಗದದಿಂದ ಹೊಳಪು ತೆಗೆದೆ. ನುಂಗುವುದು ನಿಂತಿತು, ಆದರೆ ಹಾಡು ತೂಗಾಡತೊಡಗಿತು, ತೊಟ್ಟಿಲಲ್ಲಿ ಮಲಗಿಸಿ ಹಾಡಿಸಿದಂತೆ. ಗಡಿಯಾರ ಹಿಡಿದು ಎಣಿಸಿದೆ: ಅರ್ಧ ನಿಮಿಷಕ್ಕೆ 35 ತೂಗು. ರೋಲರಿನ ವ್ಯಾಸ 13 ಮಿಲಿಮೀಟರ್, ಸುತ್ತಳತೆ ಸುಮಾರು 41. ಟೇಪು ಸೆಕೆಂಡಿಗೆ 47.6 ಮಿಲಿಮೀಟರ್ ಓಡುತ್ತದೆ. ಅಂದರೆ ರೋಲರ್ ಅರ್ಧ ನಿಮಿಷಕ್ಕೆ ಸರಿಯಾಗಿ 35 ಸುತ್ತು. ಕಳ್ಳ ಸಿಕ್ಕಿದ. ಭೂತಗನ್ನಡಿಯಲ್ಲಿ ನೋಡಿದರೆ ರಬ್ಬರಿನ ಮೇಲೆ ಅಡ್ಡಲಾಗಿ ಒಂದು ಸಣ್ಣ ಕುಳಿ. ಪ್ಲೇ ಒತ್ತಿದ ಸ್ಥಿತಿಯಲ್ಲೇ ಅಟ್ಟ ಸೇರಿತ್ತಲ್ಲ, ಉಕ್ಕಿನ ಕ್ಯಾಪ್‌ಸ್ಟನ್ ಅಷ್ಟು ವರ್ಷ ಅದೇ ಜಾಗವನ್ನು ಒತ್ತುತ್ತಿತ್ತು. ಹೊಸ ರೋಲರ್ ತರಿಸಿದೆ: ವ್ಯಾಸ 13, ಅಗಲ 8, ರಂಧ್ರ 2. ಎರಡಕ್ಕೆ 300 ರೂಪಾಯಿ. ತೂಗಾಟ ನಿಂತಿತು.

ಯಂತ್ರವನ್ನು ಎತ್ತಿಡುವಾಗ ಸ್ಟಾಪ್ ಒತ್ತಿ ಇಡಿ. ಈ ಇಡೀ ಬರಹದಲ್ಲಿ ಪುಕ್ಕಟೆಯಾಗಿ ಮಾಡಬಹುದಾದದ್ದು ಇದೊಂದೇ.

ಜುಲೈ 7: ಡಯಲ್

ಡಯಲಿನ ದಾರ ತುಂಡಾಗಿತ್ತು. ಗುಂಡಿ ತಿರುಗುತ್ತದೆ, ಮುಳ್ಳು ಅಲುಗುವುದಿಲ್ಲ. ಮನೆಯಲ್ಲಿದ್ದ ತಂಗೂಸಿ ಕಟ್ಟಿದೆ. ಗಾಳದಲ್ಲಿ ಮೀನು ಹಿಡಿಯಲು ಒಳ್ಳೆಯದು, ಡಯಲಿಗೆ ಅಲ್ಲ. ನುಣುಪಾಗಿ ಜಾರಿತು, ಸ್ಪ್ರಿಂಗಿನ ಎಳೆತಕ್ಕೆ ಹಿಗ್ಗಿತು. ಹೆಣೆದ ನೈಲಾನ್ ದಾರ ತಂದು, ಗುಂಡಿಯ ಕಂಬಕ್ಕೆ ಮೂರು ಸುತ್ತು ಹಾಕಿ, ಚೂರು ರಾಳ ಸವರಿದ ಮೇಲೆ ಹಿಡಿಯಿತು. ವಿವಿಧ ಭಾರತಿ ಕೇಳುವ ತನಕ ತಿರುಗಿಸಿ, ಮುಳ್ಳನ್ನು 102.9ರ ಮೇಲೆ ಕೂರಿಸಿ ಒಂದು ಹನಿ ಅಂಟು ಹಾಕಿದೆ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಡಯಲ್ ಗಾಜಿನ ಒಳಬದಿ ಮಬ್ಬಾಗಿದೆ ಎಂದು ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒಂದು ಸಲ ಒರೆಸಿದೆ. ಒಂದೇ ಸಲ. ಬಟ್ಟೆಯ ಮೇಲೆ ಬಿಳಿ ಅಂಕಿಗಳ ಕಲೆ, ಗಾಜಿನ ಮೇಲೆ ಶಾರ್ಟ್‌ವೇವಿನ ಅರ್ಧ ಸಾಲು ಮಾಯ. ಅಂಕಿಗಳನ್ನು ಅಚ್ಚು ಹಾಕಿದ್ದೇ ಒಳಬದಿಗೆ. ಅದಕ್ಕೆ ಔಷಧಿ ಇಲ್ಲ. ಯಾರಾದರೂ ಮಾಡುವುದಿದ್ದರೆ ತಣ್ಣೀರು, ಒಂದು ಹನಿ ಸೋಪು, ಅಷ್ಟೇ. ಅಕ್ಷರ ಇರುವ ಕಡೆ ಅದೂ ಬೇಡ.

ಹೊರಕವಚವನ್ನು ಪಾತ್ರೆ ತೊಳೆಯುವ ಸೋಪಿನಿಂದ ತೊಳೆದೆ, ಕ್ಯಾಸೆಟ್ ಕಿಟಕಿಯ ಗೀರುಗಳಿಗೆ ಟೂತ್‌ಪೇಸ್ಟ್ ಉಜ್ಜಿದೆ. ಸುಮಾರಾಗಿ ಹೋದವು.

ಜುಲೈ 14: ವೇಗ, ಹೆಡ್ಡಿನ ಕೋನ

3000 ಹರ್ಟ್ಸಿನ ಒಂದೇ ಸ್ವರ ತುಂಬಿದ ಪರೀಕ್ಷಾ ಕ್ಯಾಸೆಟ್, 1,150 ರೂಪಾಯಿ. ಖರ್ಚಿನಲ್ಲಿ ಎಲ್ಲಕ್ಕಿಂತ ದೊಡ್ಡದು. ಮೊಬೈಲಿನ ಶ್ರುತಿಮಾಪಕ ಆ್ಯಪನ್ನು ಸ್ಪೀಕರಿನ ಮುಂದೆ ಇಟ್ಟು ನೋಡಿದಾಗ 2880. ಶೇಕಡಾ 4 ನಿಧಾನ. ಮೋಟಾರಿನ ಬೆನ್ನಿನಲ್ಲಿ ರಬ್ಬರ್ ಮುಚ್ಚಿದ ಸೂಜಿ ರಂಧ್ರವಿದೆ, ಒಳಗೆ ವೇಗದ ತಿರುಪು. ಸಣ್ಣ ಸ್ಕ್ರೂಡ್ರೈವರ್ ಕಡ್ಡಿಗೆ ಟೇಪ್ ಸುತ್ತಿ, ತುದಿ ಮಾತ್ರ ಬಿಟ್ಟು, ಕೂದಲೆಳೆಯಷ್ಟು ತಿರುಗಿಸುತ್ತಾ 3000ಕ್ಕೆ ತಂದೆ. ಹತ್ತು ಹರ್ಟ್ಸ್ ಆಚೀಚೆ ಆಡುತ್ತದೆ. ಈ ವಯಸ್ಸಿಗೆ ಅದು ಸ್ಥಿರವೇ.

ಆಮೇಲೆ ಹೆಡ್ಡಿನ ಎಡಬದಿಯ ಸ್ಪ್ರಿಂಗ್ ಇರುವ ತಿರುಪು. ಅದು ಹೆಡ್ಡಿನ ಕೋನವನ್ನು ಹೊಂದಿಸುತ್ತದೆ. ತಾಳ, ಗೆಜ್ಜೆಯಂಥ ಚೂಪು ಸದ್ದು ಎಲ್ಲಿ ಹೆಚ್ಚು ಸ್ಪಷ್ಟವೋ ಅಲ್ಲಿ ನಿಲ್ಲಿಸಬೇಕು. ಅಂಗಡಿಯಿಂದ ಕೊಂಡಿದ್ದ ಮೂರು ಕ್ಯಾಸೆಟ್ ಹಾಕಿ ಮೂರಕ್ಕೂ ಒಪ್ಪುವ ಜಾಗ ಹುಡುಕಿದೆ, ಕಾಲು ಸುತ್ತಿಗಿಂತ ಸ್ವಲ್ಪ ಹೆಚ್ಚು ತಿರುಗಿತು. ಹಾಡುಗಳು ಮೊಬೈಲಿನಲ್ಲಿ ಕೇಳಿದ ಶ್ರುತಿಯಲ್ಲೇ ಬಂದವು. ನೆರೆಮನೆಯವರನ್ನು ಕರೆದು ಕೇಳಿಸಿದೆ.

ಹಳೆಯ ಸ್ಥಿತಿಯನ್ನು ಎಲ್ಲಿಯೂ ಗುರುತು ಮಾಡಿಕೊಳ್ಳಲಿಲ್ಲ. ಮೋಟಾರಿನದೂ ಇಲ್ಲ, ಹೆಡ್ಡಿನದೂ ಇಲ್ಲ. ಮೋಟಾರಿನದಕ್ಕೆ 2880 ಎಂಬ ಅಂಕಿಯಾದರೂ ಪುಸ್ತಕದಲ್ಲಿ ಉಳಿಯಿತು.

ಜುಲೈ 20, 21: ಚಾವಡಿ ಕೂಟ

ಅಜ್ಜನ ಕ್ಯಾಸೆಟ್ಟಿನ ಬೂಷ್ಟು ತೆಗೆಯಲು ಮುಖಕ್ಕೆ ಮಾಸ್ಕ್ ಹಾಕಿಕೊಂಡು ಬಾಲ್ಕನಿಯಲ್ಲಿ ಕೂತೆ. ಕವಚಕ್ಕೆ ಐದು ಸ್ಕ್ರೂ ಇದ್ದದ್ದು ಪುಣ್ಯ, ಅಂಟಿಸಿದ್ದಾದರೆ ಒಡೆಯಬೇಕಿತ್ತು. ಟೇಪನ್ನು ಹೆಡ್ಡಿಗೆ ಒತ್ತುವ ಚಿಕ್ಕ ಬಟ್ಟೆಯ ತುಂಡು ಉದುರಿಹೋಗಿತ್ತು. 120 ರೂಪಾಯಿಯ ಹೊಸ ಖಾಲಿ ಕವಚಕ್ಕೆ ಎರಡೂ ಸುರುಳಿಗಳನ್ನು ವರ್ಗಾಯಿಸಿ, ಮೆತ್ತನೆಯ ಒಣ ಬಟ್ಟೆಯ ನಡುವೆ ಟೇಪನ್ನು ಹಾಯಿಸುತ್ತಾ ಕೈಯಿಂದ ಸುತ್ತಿದೆ. 90 ನಿಮಿಷದ ಕ್ಯಾಸೆಟ್ಟಿನಲ್ಲಿ ಸುಮಾರು 130 ಮೀಟರ್ ಟೇಪು ಇರುತ್ತದೆ. ಹೆಬ್ಬೆರಳು ಎರಡು ದಿನ ನೋಯಿತು.

ಪ್ಲೇ ಒತ್ತಿದೆ. ಮಳೆಯ ಸದ್ದು, ಹೆಂಚಿನ ಮೇಲಿನ ಮಳೆ. ಯಾರೋ ಕೆಮ್ಮಿದರು. ಮದ್ದಳೆ, ಹಾರ್ಮೋನಿಯಮ್ಮಿನ ಶ್ರುತಿ, ಭಾಗವತರ ಪದ. ಅನಂತರ ಕೌರವನ ಅರ್ಥ, ಅಂದರೆ ಪಾತ್ರದ ಮಾತು, ಶುರುವಾಯಿತು, ಅದು ಅಜ್ಜ. ಅಜ್ಜನಲ್ಲ ಎನಿಸಿತು. ಸ್ವರ ತೆಳು, ಮಾತಿನಲ್ಲಿ ಎಂದೂ ಇಲ್ಲದ ಅವಸರ. ಮೇಲೆ ಕಂಬಳಿ ಹೊದಿಸಿದಂತೆ ಮಂಕು. ತಾಳದ ಕಿಣಿಕಿಣಿಯೇ ಇಲ್ಲ.

ನೆನಪು ಮೋಸ ಮಾಡುತ್ತಿರಬಹುದು. ಊರಿಗೆ ಫೋನ್ ಮಾಡಿದೆ. ಆ ಹಾರ್ಮೋನಿಯಂ ಇನ್ನೂ ಮನೆಯಲ್ಲಿದೆ. ಅಮ್ಮನಿಗೆ ‘ಕಪ್ಪು ಮೂರು’ ಒತ್ತಿ ಗಾಳಿ ಹಾಕಲು ಹೇಳಿದೆ, ನಮ್ಮ ಮನೆಯ ಕೂಟಕ್ಕೆ ಯಾವಾಗಲೂ ಅದೇ ಶ್ರುತಿ. ಫೋನಿನಲ್ಲಿ ಆ್ಯಪ್ ತೋರಿಸಿದ್ದು 370 ಹರ್ಟ್ಸ್. ಕ್ಯಾಸೆಟ್ಟಿನ ಶ್ರುತಿ 385. ಭಾಗಿಸಿ ನೋಡಿದೆ: ಶೇಕಡಾ 4 ಹೆಚ್ಚು.

1987ರಲ್ಲೂ ಈ ಯಂತ್ರ 2880ರಲ್ಲೇ ಓಡುತ್ತಿತ್ತು. ನಿಧಾನವಾಗಿ ಓಡುತ್ತಾ ದಾಖಲಿಸಿತು, ಅದೇ ನಿಧಾನದಲ್ಲಿ ಹಾಡಿತು. ಹಾಗಾಗಿ ಅಜ್ಜನ ಸ್ವರ ಅಜ್ಜನದೇ ಆಗಿ ಕೇಳುತ್ತಿತ್ತು. ಹೆಡ್ಡಿನದೂ ಅದೇ ಕಥೆ. ಓರೆಯಾಗಿದ್ದ ಹೆಡ್ಡು ಓರೆಯಾಗಿಯೇ ಬರೆದಿತ್ತು, ನಾನು ನೇರ ಮಾಡಿ ಓದಿಸಿದೆ.

ಮೋಟಾರಿನ ತಿರುಪನ್ನು ಹಿಂದಕ್ಕೆ ತಿರುಗಿಸಿದೆ. ಪರೀಕ್ಷಾ ಕ್ಯಾಸೆಟ್ 2880 ತೋರಿಸಿದಾಗ ನಿಲ್ಲಿಸಿ, ಅಜ್ಜನದನ್ನು ಹಾಕಿದರೆ ಶ್ರುತಿ 370. ಹೆಡ್ಡಿನ ಕೋನಕ್ಕೆ ಗುರುತಿರಲಿಲ್ಲವಾದ್ದರಿಂದ ಅಜ್ಜನ ಕೂಟದ ತಾಳವನ್ನೇ ಕೇಳುತ್ತಾ ಒಂದು ಗಂಟೆ ಹುಡುಕಿದೆ. ಸಿಕ್ಕಿದಾಗ ಪರದೆ ಸರಿದಂತೆ ತಾಳ ಬಂತು, ಅಜ್ಜನ ಮಾತಿನ ‘ಸ’ಕಾರ ಬಂತು. ಈ ಬಾರಿ ತಿರುಪಿನ ತಲೆಗೂ ತಗಡಿಗೂ ಸೇರಿ ಉಗುರುಬಣ್ಣದ ಗೆರೆ ಎಳೆದೆ. ಯಂತ್ರವನ್ನು ಹಾಗೆಯೇ ಬಿಟ್ಟಿದ್ದೇನೆ. ಸಿನಿಮಾ ಹಾಡುಗಳು ಸ್ವಲ್ಪ ಇಳಿದ ಶ್ರುತಿಯಲ್ಲಿ ಬರುತ್ತವೆ. ಅವುಗಳನ್ನು ಕೇಳಲು ಮೊಬೈಲ್ ಇದೆ.

ಖರ್ಚು: ಆಲ್ಕೋಹಾಲ್ ಅರ್ಧ ಲೀಟರ್ 320, ಕಾಂಟ್ಯಾಕ್ಟ್ ಕ್ಲೀನರ್ 380, ತಪ್ಪು ಬೆಲ್ಟು 180, ಸರಿ ಬೆಲ್ಟು 240, ರೋಲರ್ 300, ಕೆಪಾಸಿಟರ್ 260, ಪರೀಕ್ಷಾ ಕ್ಯಾಸೆಟ್ 1,150, ಡಯಲ್ ದಾರ 60, ಹೊಸ ಕರೆಂಟು ತಂತಿ 80, ಖಾಲಿ ಕವಚ 120, ಹತ್ತಿಕಡ್ಡಿ ವಿನೆಗರ್ ಇತ್ಯಾದಿ 90. ಒಟ್ಟು 3,180 ರೂಪಾಯಿ. ಇಡ್ಲಿ ತಟ್ಟೆ ಅಡುಗೆಮನೆಗೆ ಮರಳಿದೆ, ಒಂದು ಗುಳಿಯಲ್ಲಿ ಸ್ಕ್ರೂವಿನ ಗೀರು ಇದೆ ಎಂಬ ದೂರಿದೆ.

ಒಂದು ಉಳಿದಿದೆ. ಎರಡನೆಯ ಬದಿಯ ಕೊನೆಯ ಆರೇಳು ನಿಮಿಷ ಯಾವ ತಿರುಪಿಗೂ ಬಗ್ಗುವುದಿಲ್ಲ. ಆ ರಾತ್ರಿ ಗಾಳಿಮಳೆಗೆ ಕರೆಂಟು ಹೋಗಿತ್ತು, ಕೂಟ ದಾಖಲಾದದ್ದು ಬ್ಯಾಟರಿಯಲ್ಲಿ. ಸೆಲ್ಲುಗಳು ಸೋಲುತ್ತಾ ಬಂದಂತೆ ಟೇಪು ನಿಧಾನವಾಯಿತು. ಈಗ ಅದು ಸಮವೇಗದಲ್ಲಿ ಓಡುವಾಗ ಸ್ವರಗಳು ಏರುತ್ತಾ ಹೋಗುತ್ತವೆ. ಕಂಪ್ಯೂಟರಿಗೆ ಹಾಕಿಕೊಂಡು ಅರ್ಧರ್ಧ ನಿಮಿಷದ ತುಂಡು ಮಾಡಿ, ಪ್ರತಿ ತುಂಡನ್ನೂ ಶ್ರುತಿಗೆ ಇಳಿಸುತ್ತಿದ್ದೇನೆ. ನಾಲ್ಕು ನಿಮಿಷದಷ್ಟು ಆಗಿದೆ. ಕೊನೆಯ ತುಂಡನ್ನು ಮುಟ್ಟಿಲ್ಲ. ಅದರಲ್ಲಿ ಕೌರವ ಎಳೆಯ ಮಗುವಿನ ಕೀಚಲು ಧ್ವನಿಯಲ್ಲಿ ಭೀಮನನ್ನು ಜರೆಯುತ್ತಿರುತ್ತಾನೆ, ಮದ್ದಳೆ ಚಿಟಿಕೆ ಹೊಡೆದಂತೆ ಕೇಳುತ್ತದೆ, ನಡುವೆ ಚಿಕ್ಕಪ್ಪ ಇರಬೇಕು, ಅಷ್ಟೇ ಕೀಚಲಾಗಿ ಯಾರಿಗೋ ಹೇಳುತ್ತಾನೆ: “ಅದು ತಿರುಗುತ್ತಿದೆಯೇ, ನೋಡು.” ಆಮೇಲೆ ಗುಂಡಿ ಬಿಟ್ಟ ಸದ್ದು.